ಕೊಡೆ ಗುರುತಿನ ಆರು ಅಂಗಿ

ಟೈಲರ್ ಆ ದಿನ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದವನು ಚಪ್ಪಲಿ ಬಿಡುವುದಕ್ಕೂ ಮೊದಲು ಸುದ್ದಿ ಬಿಟ್ಟ.

"ಕೊಡೆ ಸ್ಟೋರ್ ಬರ್ತಾ ಇದೆ!"

ಹೆಂಡತಿ ತಟ್ಟೆ ಒರೆಸುತ್ತಿದ್ದಳು. "ಎಲ್ಲಿಗೆ?" ಎಂದಳು.

"ಎಲ್ಲಿಗೆ ಅಂದ್ರೆ? ನಮ್ಮ ಕಾಂಪ್ಲೆಕ್ಸಿಗೆ. ಕೆಳಗಡೆ ಎರಡು ವರ್ಷದಿಂದ ಬಾಗಿಲು ಹಾಕ್ಕೊಂಡು ಬಿದ್ದಿದೆಯಲ್ಲ, ಆ ಜಾಗಕ್ಕೆ."

"ಯಾರು ಹೇಳಿದ್ರು?"

"ಅವರೇ ಹೇಳಿದ್ರು."

"ಅವರೇ ಅಂದ್ರೆ ಯಾರು ರೀ?"

"ಸ್ಟೋರಿನವರೇ ಕಣೆ! ಸ್ವಂತ ಬಾಯಲ್ಲಿ ಹೇಳಿದ್ರು. ಮೊದಲು ಊಟ ಹಾಕು."

ಕೊಡೆ ಸ್ಟೋರ್ ಎಂದರೆ ಗೊತ್ತಿಲ್ಲದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ದೊಡ್ಡ ದೊಡ್ಡ ಊರುಗಳಲ್ಲೆಲ್ಲ ಅದರ ಅಂಗಡಿಗಳಿದ್ದವು. ಬೋರ್ಡಿನ ಮೇಲೆ ಒಂದು ಹಳದಿ ಕೊಡೆ, ಒಳಗೆ ಅಂಗಿಯಿಂದ ಹಿಡಿದು ಬಾಣಲೆಯವರೆಗೆ ಎಲ್ಲವೂ. ಅದರ ನಿಜವಾದ ಹೆಸರು ನಾಲಗೆ ಹೊರಳುವಂಥದ್ದಲ್ಲ, ಹಾಗಾಗಿ ಜನ ಕೊಡೆಯನ್ನೇ ಹೆಸರು ಮಾಡಿಕೊಂಡಿದ್ದರು. ಇಂಥ ಸ್ಟೋರೊಂದು ಪಕ್ಕಕ್ಕೆ ಬರುತ್ತದೆ ಎಂದರೆ ಸಣ್ಣ ಅಂಗಡಿಯವರು ಎದೆ ಹಿಡಿದುಕೊಳ್ಳುತ್ತಾರೆ. ನಮ್ಮ ಟೈಲರ್ ಎದೆಯುಬ್ಬಿಸಿಕೊಂಡು ಬಂದಿದ್ದ.

ಅದಕ್ಕೆ ಕಾರಣವಿತ್ತು. ಅವನು ಹೊಸ ಬಟ್ಟೆ ಹೊಲಿಯುವವನಲ್ಲ. ಆ ಕಾಲ ಅವನ ಅಪ್ಪನ ಜೊತೆಗೇ ಹೋಯಿತು. ಇವನದು ಬರೀ ಆಲ್ಟರೇಷನ್. ರೆಡಿಮೇಡ್ ಪ್ಯಾಂಟು ಹೊಲಿಯುವವರು ಯಾರನ್ನು ನೋಡಿ ಹೊಲಿಯುತ್ತಾರೋ ದೇವರಿಗೇ ಗೊತ್ತು, ಉದ್ದ ಯಾವಾಗಲೂ ನಾಲ್ಕು ಬೆರಳು ಜಾಸ್ತಿ. ಆ ನಾಲ್ಕು ಬೆರಳಿನಲ್ಲಿ ಇವನ ಸಂಸಾರ ನಡೆಯುತ್ತಿತ್ತು. ಕಾಂಪ್ಲೆಕ್ಸಿನ ಮೆಟ್ಟಿಲ ಕೆಳಗೆ ಒಂದು ಗೂಡು, ಒಂದು ಮೆಷಿನ್ನು, ಒಂದು ಸ್ಟೂಲು. ಎದ್ದು ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ, ಅದಕ್ಕೇ ಅವನು ಮನೆಯಲ್ಲೂ ಸ್ವಲ್ಪ ಬಗ್ಗಿಯೇ ನಡೆಯುತ್ತಿದ್ದ. ಕೆಳಗಡೆ ಬಟ್ಟೆಯ ದೊಡ್ಡ ಅಂಗಡಿ ಇದ್ದಷ್ಟು ದಿನ ಕತ್ತೆತ್ತಲು ಪುರುಸೊತ್ತಿರಲಿಲ್ಲ. ಅದು ಮುಚ್ಚಿದ ಮೇಲೆ ಗೂಡಿನಲ್ಲಿ ಕೂತು ಮೆಟ್ಟಿಲು ಹತ್ತುವವರ ಕಾಲು ಎಣಿಸುವುದೇ ಕೆಲಸವಾಯಿತು.

ಊಟದ ನಡುವೆ ಪೂರ್ತಿ ಕಥೆ ಹೊರಬಿತ್ತು. ಬೆಳಗ್ಗೆ ಒಬ್ಬ ಬಂದಿದ್ದನಂತೆ. ನಲವತ್ತರ ಆಸುಪಾಸು, ಮಾತು ಕಡಿಮೆ. ಒಂದು ಚೀಲದಲ್ಲಿ ಆರು ಅಂಗಿ ತಂದಿದ್ದ, ಆರಕ್ಕೂ ಜೇಬಿನ ಮೇಲೆ ಹಳದಿ ಕೊಡೆಯ ಕಸೂತಿ. ಒಂದು ಅಂಗಿ ಹಾಕಿಕೊಂಡು ತೋರಿಸಿದ. ಗೋಣಿಚೀಲದ ಹಾಗೆ ದೊಗಳೆ. ಎರಡೂ ಕಡೆ ಸೈಡ್ ಹಿಡಿಯಬೇಕು, ಆರೂ ಇದೇ ಅಳತೆಗೆ ಅಂದ.

"ನಾನು ಕೇಳಿದೆ, ನೀವು ಇಲ್ಲಿಗೂ ಬರ್ತೀರಾ ಸಾರ್ ಅಂತ. ಅವರು ಏನಂದ್ರು ಗೊತ್ತಾ? 'ಹೂಂ, ಮುಂದಿನ ತಿಂಗಳು ನಾವು ಇಲ್ಲಿಗೇ ಬಂದ್ಬಿಡ್ತೀವಿ. ಜಾಗ ನೋಡಿ ಆಗಿದೆ' ಅಂದ್ರು. 'ನಾವು' ಅಂದ್ರು, ನಾವು!"

"ಆರು ಅಂಗಿ ಒಬ್ಬರದೇ ಅಳತೆಗೆ ಯಾಕೆ?" ಎಂದಳು ಹೆಂಡತಿ.

"ಕಂಪನಿ ಅಂದ್ಮೇಲೆ ಹಾಗೇ. ಎಲ್ಲಾ ಒಂದೇ ಸೈಜು ಹೊಲಿಸಿ ಎಸೀತಾರೆ. ಇದು ಆರು. ಬಾಗಿಲು ತೆಗೆದ ಮೇಲೆ ಅರವತ್ತು ಜನ ಕೆಲಸದವರು. ಆಮೇಲೆ ಗಿರಾಕಿಗಳ ಪ್ಯಾಂಟು ಬೇರೆ."

ಮಗಳು ಬಾಯಿ ಹಾಕಿದಳು. ಅವಳು ಕಾಲೇಜು ಮುಗಿಸಿ ಆರು ತಿಂಗಳಿಂದ ಮನೆಯಲ್ಲಿದ್ದಳು. "ಅಪ್ಪ, ನನ್ನನ್ನ ತಗೋತಾರಾ? ಸೇಲ್ಸಿಗೆ?"

"ತಗೊಳ್ದೆ ಏನು? ನಾನೇ ಹೇಳ್ತೀನಿ."

ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡು, ಅಂಗಿಗಳ ಚೀಲವನ್ನು ಅವನು ಅಮ್ಮನ ಮಂಚದ ಮೇಲಿಟ್ಟ. ಹೊಲಿಗೆ ಬಿಚ್ಚುವ ಕೆಲಸ ಆ ಮನೆಯಲ್ಲಿ ಮೊದಲಿನಿಂದಲೂ ಅಮ್ಮನದು. ಬ್ಲೇಡು ಹಿಡಿದು ಬಿಚ್ಚುವುದನ್ನು ಅವನ ಅಪ್ಪನೂ ಮಾಡಿದವನಲ್ಲ, ಇವನೂ ಮಾಡಿದವನಲ್ಲ. ಟೈಲರ್ ಆದವನು ಹೊಲಿಯಬೇಕು, ಬಿಚ್ಚುವುದು ಮನೆಯವರ ಪಾಡು ಎಂಬುದು ಅವರ ವಂಶದ ಕಾನೂನು.

ಅವನು ಸಿಳ್ಳೆ ಹಾಕುತ್ತ ಹೋದ ಮೇಲೆ ಹೆಂಡತಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು. ಅವಳ ಸಂಕಟ ಬೇರೆಯೇ ಇತ್ತು. ಆಸ್ಪತ್ರೆ ರಸ್ತೆಯ ಲಾಂಡ್ರಿಯವನು ಹದಿನೈದು ದಿನದ ಹಿಂದೆ ಹೇಳಿ ಕಳಿಸಿದ್ದ: ಒಗೆಯಲು ಬರುವ ಬಟ್ಟೆಯಲ್ಲಿ ಅರ್ಧಕ್ಕರ್ಧ ಗುಂಡಿ ಇಲ್ಲ, ಜಿಪ್ಪು ಇಲ್ಲ, ಹೊಲಿಗೆ ಬಿಟ್ಟಿರುತ್ತದೆ, ಒಬ್ಬರು ಕೂತು ಹೊಲಿಯುವುದಾದರೆ ಕಿಟಕಿ ಪಕ್ಕ ಜಾಗವಿದೆ, ಮೆಷಿನ್ನೂ ತನ್ನದೇ, ತಿಂಗಳ ಕೊನೆಯೊಳಗೆ ಹೇಳಿ. ವರ್ಷವಿಡೀ ಕೆಲಸ, ತಲೆಗೆ ಬಡಿಯುವ ಮೆಟ್ಟಿಲಿಲ್ಲ. ಹದಿನೈದು ದಿನದಿಂದ ಗಂಡ "ನೋಡೋಣ, ನೋಡೋಣ" ಎನ್ನುತ್ತ ಬಂದಿದ್ದ. ಇನ್ನು ನೋಡುವುದೇ ಇಲ್ಲ ಎಂದು ಅವಳಿಗೆ ಆ ಸಿಳ್ಳೆಯಲ್ಲೇ ಗೊತ್ತಾಯಿತು.

ಮರುದಿನ ಅಜ್ಜಿ ಕಿಟಕಿಯ ಬೆಳಕಿಗೆ ಮಂಚ ಎಳೆಸಿಕೊಂಡು ಚೀಲ ಬಿಚ್ಚಿದಳು. ಮೊಮ್ಮಗಳು ಕನ್ನಡಿಯ ಮುಂದೆ ನಿಂತಿದ್ದಳು.

"ಬನ್ನಿ ಸರ್, ಏನು ಬೇಕಿತ್ತು ಸರ್? ಅಜ್ಜಿ, ಹೀಗೆ ನಗಲಾ, ಹಲ್ಲು ಕಾಣೋ ಹಾಗೆ ನಗಲಾ?"

"ಹಲ್ಲು ಕಾಣಿಸ್ಬೇಡ. ಬೆಲೆ ಜಾಸ್ತಿ ಅನ್ಕೋತಾರೆ."

"ಅಜ್ಜೀ!"

"ನಾನು ನೋಡದೇ ಇರೋ ಗಿರಾಕೀನಾ? ಇಡೀ ಊರಿನ ಗಂಡಸರ ಪ್ಯಾಂಟು ಬಿಚ್ಚಿದೋಳು ನಾನು."

ಮೊಮ್ಮಗಳು ನಕ್ಕು ನಕ್ಕು ನೆಲಕ್ಕೆ ಕೂತಳು. ಅಜ್ಜಿ ನಗುತ್ತಲೇ ಎರಡನೇ ಅಂಗಿ ತೆಗೆದಳು. ಮೇಲಿದ್ದದ್ದು ಹೊಸದರ ಹಾಗಿತ್ತು, ಮಗ ಮಡಿಕೆ ಬಿಚ್ಚಿ ನೋಡಿದ್ದು ಅದೊಂದನ್ನೇ. ಇದರ ಕಾಲರು ಸವೆದು ನೂಲು ಎದ್ದಿತ್ತು. ಮೂರನೆಯದರ ಜೇಬಿನೊಳಗೆ ಪೆನ್ನಿನ ಶಾಯಿ ಇಳಿದು ಹಳೆಯದಾಗಿತ್ತು. ನಾಲ್ಕನೆಯದಕ್ಕೆ ಬಣ್ಣ ಬೇರೆಯಾದ ಗುಂಡಿ, ಯಾರೋ ಹೆಂಗಸು ಮನೆಯಲ್ಲಿ ಹಾಕಿದ ಗುಂಡಿ. ಮೇಲಿನದೊಂದನ್ನು ಬಿಟ್ಟು ಉಳಿದ ಐದರ ಕಂಕುಳೂ ಒಂದೇ ಥರ ಸವೆದಿತ್ತು. ಒಬ್ಬನೇ ಮನುಷ್ಯ, ವರ್ಷಗಟ್ಟಲೆ ಹಾಕಿದ ಅಂಗಿಗಳು ಎಂಬುದು ಅವಳಿಗೆ ಬ್ಲೇಡು ಆಡಿಸುವ ಮೊದಲೇ ತಿಳಿಯಿತು. ಆಗ ಮೈತುಂಬ ಕೂತಿದ್ದ ಅಂಗಿ ಈಗ ದೊಗಳೆಯಾಗಿದೆ ಎಂದರೆ ಆ ಮನುಷ್ಯ ಇಳಿದುಹೋಗಿದ್ದಾನೆ. ಹೊಸ ಅಂಗಡಿ ತೆರೆಯಲು ಬರುವವರು ಹಾಗೆ ಇಳಿಯುವುದಿಲ್ಲ.

"ಏನಜ್ಜಿ, ಸುಮ್ಮನಾದೆ?"

"ಕಣ್ಣು ಮಂಜಾಗ್ತಿದೆ ಕಣೇ. ಇದು ನಿಧಾನಕ್ಕೆ ಮಾಡೋ ಕೆಲಸ," ಎಂದು ಅಜ್ಜಿ ಅಂಗಿಗಳನ್ನು ಮಡಚಿ ಹೊದಿಕೆಯ ಕೆಳಗಿಟ್ಟಳು.

ಕಾಂಪ್ಲೆಕ್ಸಿನಲ್ಲಿ ಮಾತ್ರ ಸುದ್ದಿ ನಿಧಾನ ಮಾಡಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಬಿಟ್ಟು ಹೋಗಬೇಕೆಂದಿದ್ದ ಚಪ್ಪಲಿ ಅಂಗಡಿಯವನು ಗಾಜು ಒರೆಸಿ ಹೊಸ ಬಲ್ಬು ಹಾಕಿದ. ಮೊದಲ ಮಹಡಿಯ ಕನ್ನಡಕದವನು, ಸ್ಟೋರಿನಲ್ಲಿ ಕನ್ನಡಕವೂ ಇಡುತ್ತಾರಂತೆ ಹೌದೇ ಎಂದು ಟೈಲರನನ್ನೇ ಬಂದು ಕೇಳಿದ. ಟೈಲರ್ ಗೊತ್ತಿದ್ದವನಂತೆ ಗಂಭೀರವಾಗಿ, "ಕನ್ನಡಕ ಇರಲ್ಲ ಅನ್ಸುತ್ತೆ" ಎಂದ. ಕಾಂಪ್ಲೆಕ್ಸಿನ ಮ್ಯಾನೇಜರನನ್ನು ಕೇಳಿದರೆ ಅವನು "ಮಾತುಕತೆ ನಡೀತಿದೆ" ಎಂದಷ್ಟೇ ಹೇಳಿ ನಕ್ಕ. ಯಾರ ಜೊತೆ ಎಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಟೈಲರ್ ಒಂದು ಬೋರ್ಡು ಬರೆಸಿಕೊಂಡು ಮನೆಗೆ ತಂದ. 'ಕೊಡೆ ಸ್ಟೋರಿನ ಬಟ್ಟೆಗಳನ್ನು ಇಲ್ಲಿ ಸರಿಮಾಡಿ ಕೊಡಲಾಗುವುದು.'

"ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದಳು ಹೆಂಡತಿ.

"ಕುಲಾವಿ ಹೊಲಿಯೋದೇ ನನ್ನ ಕಸುಬು ಕಣೆ. ಹುಟ್ಟಿದ ಮೇಲೆ ಹೊಲೀತಾ ಕೂತ್ರೆ ಕೂಸಿಗೆ ಶೀತ ಆಗುತ್ತೆ."

ಎಲ್ಲರೂ ನಕ್ಕರು. ಅವಳಿಗೂ ನಗು ಬಂತು, ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಬೆಳಗಿನ ತಿಂಡಿಯ ಹೊತ್ತಿಗೆ ಲಾಂಡ್ರಿಯವನ ಫೋನು ಬಂತು. ಟೀಯಲ್ಲಿ ಬ್ರೆಡ್ಡು ಅದ್ದುತ್ತಿದ್ದ ಟೈಲರ್ ಎತ್ತಲಿಲ್ಲ.

"ಎತ್ತಿ ರೀ."

"ಎತ್ತಿ ಏನು ಹೇಳ್ಲಿ?"

"ಬರ್ತೀನಿ ಅಂತ ಹೇಳಿ."

"ಮುಂದಿನ ವಾರ ಅವರು ಬರ್ತಾರೆ, ನಾನು ಇವತ್ತು ಜಾಗ ಬಿಟ್ಟು ಹೋಗ್ಲಾ? ಬಂದವರು ಎಲ್ಲಿ ಟೈಲರ್ ಅಂದ್ರೆ? ಆ ಗೂಡಿಗೆ ಇನ್ಯಾವನೋ ಬಂದು ಕೂತಿರ್ತಾನೆ."

"ಬರ್ತಾರೆ ಬರ್ತಾರೆ ಅಂತ ನೀವೊಬ್ಬರೇ ಹೇಳ್ತಿರೋದು. ಒಂದು ಕಾಗದ ಇದೆಯಾ? ಬಣ್ಣ ಹೊಡೆಯೋರು ಬಂದಿದಾರಾ?"

"ಅಂಗಿ ಬಂದಿದೆಯಲ್ಲ! ಇನ್ನೇನು ಬೇಕು? ನಿನಗೆ ನಾನು ಲಾಂಡ್ರಿಯವನ ಕೈ ಕೆಳಗೆ ಗುಂಡಿ ಹಾಕ್ಕೊಂಡು ಕೂತ್ರೆ ಸಮಾಧಾನ."

"ಖಾಲಿ ಕೂರೋದಕ್ಕಿಂತ ಗುಂಡಿ ಹಾಕೋದು ವಾಸಿ."

ಮಾತು ಜಾರಿತು. ಅವನು ಅರ್ಧ ತಿಂದ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. "ನೀನೇ ಹೋಗಿ ಆಗಲ್ಲ ಅಂತ ಹೇಳ್ಬಿಟ್ಟು ಬಾ. ನನಗೆ ಅಲ್ಲಿಗೆ ಹೋಗೋಕೆ ಪುರುಸೊತ್ತಿಲ್ಲ," ಎಂದು ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಹೊರಟ.

ಅವಳು ಒಗೆಯುವ ಕಲ್ಲಿನ ಹತ್ತಿರ ಹೋಗಿ ಕೂತು ಅತ್ತಳು. ಅಜ್ಜಿ ಗೋಡೆ ಹಿಡಿದು ನಿಧಾನಕ್ಕೆ ಅಲ್ಲಿಗೇ ಬಂದಳು. ಕೈಯಲ್ಲಿ ಚೀಲವಿತ್ತು.

"ಇದನ್ನ ನೋಡು."

"ಈಗೇನು ಅತ್ತೆ, ಬಿಡಿ."

"ನೋಡೇ ಅಂದೆ."

ಸೊಸೆ ಒಂದೊಂದೇ ಅಂಗಿ ತಿರುಗಿಸಿದಳು. ಕಾಲರು ನೋಡಿದಳು, ಶಾಯಿ ನೋಡಿದಳು, ಕಂಕುಳಲ್ಲಿ ಬೆರಳಾಡಿಸಿದಳು. ಅವಳ ಅಳು ನಿಂತಿತು.

"ನಿಮಗೆ ಯಾವಾಗ ಗೊತ್ತಾಯ್ತು?"

"ಬಂದ ಮರುದಿನ."

"ಹದಿನೈದು ದಿನ! ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತಿದ್ರಾ? ಅವರು ಬೋರ್ಡು ಬರೆಸಿದ್ರು, ಈ ಹುಡುಗಿ ಕನ್ನಡಿ ಮುಂದೆ ನಿಂತು ನಗೋದು ಕಲೀತಿದಾಳೆ, ನೀವು..."

"ಏನು ಮಾಡ್ಲಿ? ಎರಡು ವರ್ಷ ಆಯ್ತು ಅವನು ನೆಟ್ಟಗೆ ಉಂಡು. ಮೊನ್ನೆ ಸಿಳ್ಳೆ ಹಾಕ್ದ ಕಣೇ. ಅವರಪ್ಪ ಇದ್ದಾಗ ಹಾಕ್ತಿದ್ನಲ್ಲ, ಹಾಗೆ. ನನ್ನ ಕೈಯಾರೆ ಅದನ್ನ ನಿಲ್ಲಿಸೋಕೆ ಆಗ್ಲಿಲ್ಲ."

ಸೊಸೆಗೆ ಬೈಯಬೇಕೆನಿಸಿತು, ಆಗಲಿಲ್ಲ. ಮುದುಕಿಯನ್ನು ಕಲ್ಲಿನ ಮೇಲೆ ಕೂರಿಸಿ ತಾನು ಕೆಳಗೆ ಕೂತಳು.

"ಈಗ ನಾನು ಹೇಳಿದ್ರೆ ನಂಬಲ್ಲ. ಜಗಳಕ್ಕೆ ಹೇಳ್ತಾಳೆ ಅಂತಾರೆ. ಅಂಗಿಯವನೇ ಬಂದು ಹೇಳ್ಬೇಕು."

"ಅಷ್ಟರಲ್ಲಿ ಲಾಂಡ್ರಿ ಜಾಗ ಹೋಗುತ್ತಲ್ಲೇ?"

"ಅದೇ," ಎಂದು ಸೊಸೆ ಮೂಗೊರೆಸಿಕೊಂಡಳು.

ಆ ಆರು ಅಂಗಿಗಳನ್ನು ಆ ದಿನವೇ ಅತ್ತೆ ಬಿಚ್ಚಿದಳು, ಸೊಸೆ ಮನೆಯ ಹಳೇ ಮೆಷಿನ್ನಿನಲ್ಲಿ ಕೂತು ಸೈಡ್ ಹಿಡಿದಳು. ಹೊಲಿಗೆ ಅವಳಿಗೇನು ಹೊಸದಲ್ಲ. ಮದುವೆಯಾದಾಗಿನಿಂದ ಕೆಲಸ ಹೆಚ್ಚಾದಾಗಲೆಲ್ಲ ಗಂಡ ಮನೆಗೆ ಹೊತ್ತು ತಂದದ್ದನ್ನು ಮುಗಿಸಿಕೊಟ್ಟವಳು ಅವಳೇ. ಗಿರಾಕಿಗಳಿಗೆ ಅದು ಗೊತ್ತಿರಲಿಲ್ಲ, ಗಂಡನಿಗೆ ಮರೆತುಹೋಗಿತ್ತು. ಇಸ್ತ್ರಿ ಮಾಡಿ, ಹೊಸದರ ಹಾಗಿದ್ದ ಅಂಗಿಯನ್ನು ಮೇಲಿಟ್ಟು, ಕಾಗದದಲ್ಲಿ ಕಟ್ಟಿ, ಸಂಜೆ ಅವನ ಕೈಗೆ ಕೊಟ್ಟಳು. "ನಾನೇ ಹೊಲಿದೆ. ನಿಮಗೆ ಬೋರ್ಡು ಹೊಡೆಯೋ ಕೆಲಸ ಇತ್ತಲ್ಲ," ಎಂದಳು. ಅವನು ಬಿಚ್ಚಿ ನೋಡದೆ ಗೂಡಿಗೆ ಒಯ್ದಿಟ್ಟ.

ಮರುದಿನ ಅವಳು ಲಾಂಡ್ರಿಗೆ ಹೋದಳು. ದಾರಿಯುದ್ದಕ್ಕೂ ಒಂದೇ ಮಾತು ಉರು ಹೊಡೆದಳು: ಇನ್ನೊಂದು ಹದಿನೈದು ದಿನ ಕೊಡಿ. ಲಾಂಡ್ರಿಯವನು ದಪ್ಪಗೆ, ಬೆವರುತ್ತ, ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ.

"ಹದಿನೈದು ದಿನ ಆಗಲ್ಲಮ್ಮ. ನೋಡಿ ಆ ರಾಶಿ. ಸೋಮವಾರ ಯಾರಾದ್ರೂ ಕೂರಲೇಬೇಕು. ಇನ್ನೊಬ್ಬರು ಕೇಳಿದಾರೆ, ನಿಮ್ಮವರ ಕೈ ಚೆನ್ನಾಗಿದೆ ಅಂತ ಇಷ್ಟು ದಿನ ತಡೆದೆ."

"ಸೋಮವಾರ ಯಾರಾದ್ರೂ ಕೂತ್ರೆ ಆಯ್ತಲ್ವಾ?"

"ಆಯ್ತು. ಯಾರು?"

"ನಾನು. ಅವರು ಬರೋವರೆಗೂ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ರಾಶಿಯಿಂದ ಒಂದು ಪ್ಯಾಂಟು ಎತ್ತಿ ಕೊಟ್ಟ, ಜಿಪ್ಪು ಕಿತ್ತು ಬಂದಿತ್ತು. ಅವಳು ಮೆಷಿನ್ನಿನ ಮುಂದೆ ಕೂತಳು. ಟೀ ತರಿಸಿ ಕುಡಿಯುವಷ್ಟರಲ್ಲಿ ಜಿಪ್ಪು ಕೂತಿತ್ತು. ಅವನು ನಾಲ್ಕು ಸಲ ಮೇಲೆ ಕೆಳಗೆ ಎಳೆದು ನೋಡಿ, "ಸೋಮವಾರ ಹತ್ತಕ್ಕೆ ಬನ್ನಿ," ಎಂದ.

ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಇದನ್ನು ಹೇಳಿದಳು. ಟೈಲರನ ಕೈ ತಟ್ಟೆಯಲ್ಲೇ ನಿಂತಿತು.

"ಆಗಲ್ಲ ಅಂತ ಹೇಳಿ ಬಾ ಅಂದ್ರೆ ಕೆಲಸ ಹಿಡ್ಕೊಂಡು ಬಂದಿದೀಯಾ?"

"ಕೆಲಸ ಅಲ್ಲ ರೀ. ಬಸ್ಸಲ್ಲಿ ಕರ್ಚೀಫು ಹಾಕಿ ಸೀಟು ಹಿಡೀತಾರಲ್ಲ, ಹಾಗೆ. ನಿಮ್ಮ ಸ್ಟೋರು ಬಂದ್ರೆ ಬಿಟ್ಬಿಡ್ತೀನಿ. ಬರದೇ ಇದ್ರೆ ನೀವು ಬಂದು ಕೂರಿ."

"ಜನ ಏನಂತಾರೆ? ಗಂಡ ಮೆಟ್ಟಿಲ ಕೆಳಗೆ ಕೂತ್ರೆ ಹೆಂಡತಿ ಲಾಂಡ್ರಿಯಲ್ಲಿ..."

"ಜನ ಪ್ಯಾಂಟು ಹರಿದಿದೆ ಅಂತಾರೆ," ಎಂದಳು ಅಜ್ಜಿ. "ಉಣ್ಣು ಸುಮ್ನೆ."

ಸೋಮವಾರದಿಂದ ಮನೆಯ ಲೆಕ್ಕಾಚಾರವೇ ಬದಲಾಯಿತು. ಮಗಳು ಒಲೆಯ ಮುಂದೆ ನಿಂತಳು. ಮೊದಲ ದಿನ ಬೇಳೆ ಬೇಯಲಿಲ್ಲ, ಎರಡನೇ ದಿನ ಆಲೂಗಡ್ಡೆ ಸೀದುಹೋಯಿತು, ಮೂರನೇ ದಿನ ಎರಡೂ ಆಯಿತು.

"ಇದೇನೇ, ಇದ್ದಿಲಾ?" ಎಂದ ಅಪ್ಪ.

"ಬನ್ನಿ ಸರ್, ಏನು ಬೇಕಿತ್ತು ಸರ್? ಇವತ್ತು ಇದೊಂದೇ ಸ್ಟಾಕ್ ಇರೋದು ಸರ್."

ಸಿಟ್ಟಿನಲ್ಲಿದ್ದರೂ ಅವನಿಗೆ ನಗು ತಡೆಯಲಾಗಲಿಲ್ಲ. ಹೆಂಡತಿಯ ಜೊತೆ ಮಾತ್ರ ಅವನು ಮಾತು ಬಿಟ್ಟಿದ್ದ. ಬೇಕಾದ್ದನ್ನೆಲ್ಲ ಮಗಳ ಮೂಲಕ ಹೇಳಿಸುತ್ತಿದ್ದ. "ನಿಮ್ಮಮ್ಮನಿಗೆ ಹೇಳು, ನನ್ನ ಚಾಕ್‌ಪೀಸಿನ ಡಬ್ಬಿ ಎಲ್ಲಿಟ್ಟಿದಾಳೆ ಅಂತ." ಅಮ್ಮ ಎದುರಿಗೇ ಕೂತಿರುತ್ತಿದ್ದಳು.

ಹೆಂಡತಿ ಸಂಜೆ ಐದಕ್ಕೆ ಬರುವಾಗ ಬೆನ್ನು ನೋಯುತ್ತಿತ್ತು. ಮೊದಲ ವಾರ ಅವಳು ಬರೀ ಬೆನ್ನುನೋವಿನ ಮಾತಾಡಿದಳು. ಎರಡನೇ ವಾರ ಕಥೆಗಳು ಶುರುವಾದವು. ನೀಲಿ ಕೋಟಿನ ನರ್ಸಮ್ಮ ದಿನಾ ಒಂದೇ ಗುಂಡಿ ಕಳೆದುಕೊಂಡು ಬರುತ್ತಾಳೆ. ಡ್ರೈವರನೊಬ್ಬನ ಪ್ಯಾಂಟು ಅದೇ ಜಾಗದಲ್ಲಿ ಐದು ಸಲ ಹರಿದಿತ್ತು, ತಾನು ಒಳಗಿನಿಂದ ಪಟ್ಟಿ ಕೊಟ್ಟ ಮೇಲೆ ಹರಿಯಲಿಲ್ಲ, ಅವನು ಬಂದು ಕೈ ಮುಗಿದ. ಗಿರಾಕಿಗಳು ಲಾಂಡ್ರಿಯವನನ್ನು ದಾಟಿ ನೇರ ಕಿಟಕಿಗೇ ಬಂದು "ಅಕ್ಕ ಇದಾರಾ?" ಎನ್ನುತ್ತಾರೆ. ಇದನ್ನೆಲ್ಲ ಅವಳು ಅತ್ತೆಗೆ ಹೇಳುತ್ತಿದ್ದಳು, ಆದರೆ ಗಂಡನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅವನು ಪೇಪರು ಹಿಡಿದು ಕೂತಿರುತ್ತಿದ್ದ. ಒಂದು ದಿನ ಮಾತ್ರ ಪೇಪರಿನ ಹಿಂದಿನಿಂದಲೇ, "ಪಟ್ಟಿ ಅಡ್ಡ ಕೊಟ್ಯಾ, ಉದ್ದ ಕೊಟ್ಯಾ?" ಎಂದು ಕೇಳಿದ.

"ಅಡ್ಡ."

"ಹೂಂ," ಎಂದು ಪುಟ ತಿರುಗಿಸಿದ.

ತಿಂಗಳು ಅರ್ಧವಾಯಿತು. ಬಣ್ಣ ಹೊಡೆಯುವವರು ಬರಲಿಲ್ಲ. ಒಂದು ಬೆಳಗ್ಗೆ ಲಾರಿಯೊಂದು ಬಂದು ನಿಂತಾಗ ಚಪ್ಪಲಿ ಅಂಗಡಿಯವನು ಓಡಿಬಂದು, "ಬಂದ್ರು ಕಣಯ್ಯ!" ಎಂದ. ಎಲ್ಲರೂ ಹೊರಗೆ ನಿಂತು ನೋಡಿದರು. ಕಬ್ಬಿಣದ ರ‍್ಯಾಕುಗಳು ಇಳಿದವು, ರಟ್ಟಿನ ಪೆಟ್ಟಿಗೆಗಳು ಇಳಿದವು. ಮ್ಯಾನೇಜರ್ ಬಂದು, ಜಾಗವನ್ನು ಪಾರ್ಸೆಲ್ ಕಂಪನಿಯವರು ಗೋಡೌನಿಗೆ ತೆಗೆದುಕೊಂಡಿದ್ದಾರೆ ಎಂದ. ಮುಂದಿನ ಬಾಗಿಲು ತೆಗೆಯುವುದೇ ಇಲ್ಲವಂತೆ, ಸಾಮಾನೆಲ್ಲ ಹಿಂದಿನ ಗೇಟಿನಿಂದ.

"ಕೊಡೆ ಸ್ಟೋರು?" ಎಂದ ಟೈಲರ್.

"ಯಾವ ಕೊಡೆ ಸ್ಟೋರು? ಅದನ್ನ ನನಗೆ ಹೇಳಿದ್ದೇ ನಿಮ್ಮ ಚಪ್ಪಲಿ ಅಂಗಡಿಯವರು."

ಚಪ್ಪಲಿ ಅಂಗಡಿಯವನು ಟೈಲರನ ಮುಖ ನೋಡಿದ. ಟೈಲರ್ ಗೂಡಿನೊಳಗೆ ಹೋದ. ಎದ್ದು ನಿಲ್ಲಲಾಗದ ಜಾಗದಲ್ಲಿ ಕುಸಿದು ಕೂರುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಅಂಗಿಯವನು ಬಂದದ್ದು ಅದೇ ದಿನ ಹನ್ನೊಂದು ಗಂಟೆಗೆ.

"ಆಗಿದೆಯಾ?"

ಟೈಲರ್ ಅವನನ್ನು ದುರುಗುಟ್ಟಿ ನೋಡಿದ. "ನೀವು ಬರ್ತೀವಿ ಅಂದಿದ್ರಿ."

"ಬಂದ್ವಲ್ಲ. ಹೋದ ವಾರ ಸಾಮಾನು ತಂದ್ವಿ. ಹಿಂದಿನ ಬೀದೀಲೇ ಮನೆ. ನಾನು, ನಮ್ಮವಳು, ಮಗು."

"ಮನೆ," ಎಂದ ಟೈಲರ್.

"ಅವಳ ತವರು ಇದೇ ಊರು. ನಾವಿದ್ದ ಊರಲ್ಲಿ ಸ್ಟೋರಿನ ಬ್ರಾಂಚು ಮುಚ್ಚಿಬಿಟ್ರು ನೋಡಿ. ಎಂಟು ವರ್ಷ ಇದ್ದೆ ನಾನು, ಪ್ಯಾಂಟಿನ ಸೆಕ್ಷನ್ನು. ಕೆಲಸ ಹೋದ ಮೇಲೆ ಮೈಗೆ ಊಟ ಹತ್ತಲಿಲ್ಲ. ಅಂಗಿಯೆಲ್ಲ ದೊಡ್ಡದಾಯ್ತು. ಹೊಸದು ಯಾಕೆ, ಇರೋದನ್ನೇ ಹಿಡಿಸೋಣ ಅಂತ..."

ಟೈಲರ್ ಕಾಗದದ ಕಟ್ಟು ಬಿಚ್ಚಿದ. ಮೇಲಿನದನ್ನು ಎತ್ತಿದ, ಕೆಳಗಿನದನ್ನು ನೋಡಿದ. ಸವೆದ ಕಾಲರು, ಶಾಯಿ, ಬೇರೆ ಬಣ್ಣದ ಗುಂಡಿ. ತಿಂಗಳಿಡೀ ತನ್ನ ಕೈಯ ಅಳತೆಯಲ್ಲೇ ಇದ್ದ ಸಂಗತಿಯನ್ನು ಅವನು ಈಗ ನೋಡಿದ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎದುರಿಗೆ ನಿಂತ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಅದೂ ಬರಲಿಲ್ಲ.

ಅಂಗಿಯವನು ಒಂದನ್ನು ತೊಟ್ಟು ಕೈ ಎತ್ತಿ ಇಳಿಸಿ ನೋಡಿದ. "ಎಷ್ಟು ಚೆನ್ನಾಗಿ ಹಿಡಿದಿದೀರಿ! ಬಿಚ್ಚಿ ಹೊಲಿದಿದ್ದು ಅಂತಲೇ ಗೊತ್ತಾಗಲ್ಲ. ನಮ್ಮ ಸ್ಟೋರಲ್ಲೂ ಇಬ್ಬರು ಟೈಲರ್ ಇದ್ರು, ಇಷ್ಟು ನೀಟಾಗಿ ಬರ್ತಿರಲಿಲ್ಲ."

"ಸ್ಟೋರಲ್ಲೇ ಟೈಲರಾ?"

"ಹೂಂ, ಒಳಗೇ. ಪ್ಯಾಂಟು ಕೊಂಡ್ರೆ ಬಾಟಮ್ ಫ್ರೀಯಾಗಿ ಮಡಚಿ ಕೊಡ್ತಿದ್ರು. ಹೊರಗೆ ಯಾರಿಗೂ ಕೊಡೋ ಹಾಗಿರಲಿಲ್ಲ."

ಟೈಲರನಿಗೆ ನಗಬೇಕೋ ಅಳಬೇಕೋ ತಿಳಿಯದೆ ಹೋಯಿತು. ಸ್ಟೋರು ಬಂದಿದ್ದರೂ ತನಗೆ ಆ ನಾಲ್ಕು ಬೆರಳು ಸಿಗುತ್ತಿರಲಿಲ್ಲ. ಅವನು ಅಂಗಿಯ ಸೈಡು ಹಿಡಿದು ನೋಡಿದ, ಹೊಲಿಗೆ ನೇರವಾಗಿ, ಹದವಾಗಿ ಓಡಿತ್ತು. "ಇದು ನಾನು ಮಾಡಿದ್ದಲ್ಲ. ನಮ್ಮ ಮನೆಯವಳು," ಎಂದ.

"ಅವರಿಗೆ ಹೇಳಿ ಚೆನ್ನಾಗಿದೆ ಅಂತ. ಇನ್ನೊಂದು ಕೆಲಸ ಇತ್ತು. ಈ ಕೊಡೆ ತೆಗೆಯೋಕೆ ಆಗುತ್ತಾ? ಕೆಲಸ ಕೇಳೋಕೆ ಹೋದಲ್ಲೆಲ್ಲ ಜೇಬು ನೋಡಿ, ಅಲ್ಲಿ ಯಾಕೆ ಬಿಟ್ರಿ ಅಂತಾರೆ. ಹೇಳಿ ಹೇಳಿ ಸಾಕಾಗಿದೆ."

ಬಿಚ್ಚುವುದು ಮನೆಯ ಕೆಲಸ, ನಾಳೆ ಬನ್ನಿ ಎನ್ನಬೇಕು. ಅದು ಬಾಯಿಗೆ ಬರಲಿಲ್ಲ. "ಕೂತ್ಕೊಳ್ಳಿ," ಎಂದು ಸ್ಟೂಲನ್ನು ಅವನಿಗೆ ಕೊಟ್ಟು, ತಾನು ಕೆಳಗೆ ಕೂತು ಬ್ಲೇಡು ಹಿಡಿದ. ಕಸೂತಿ ದಟ್ಟವಾಗಿತ್ತು. ಅವಸರ ಮಾಡಿದರೆ ಬಟ್ಟೆ ಹರಿಯುತ್ತದೆ, ಒಂದೊಂದೇ ನೂಲು ಎತ್ತಬೇಕು. ಎರಡನೇ ಕೊಡೆಯ ಹೊತ್ತಿಗೆ ಬೆರಳು ಕುಯ್ದುಕೊಂಡ. ಅಮ್ಮ ನಲವತ್ತು ವರ್ಷ ಮಾಡಿದ ಕೆಲಸ ಎಷ್ಟು ಕಷ್ಟದ್ದೆಂದು ಅವನಿಗೆ ಗೊತ್ತೇ ಇರಲಿಲ್ಲ. ಆರೂ ಮುಗಿದಾಗ ನೀರು ಚಿಮುಕಿಸಿ, ಉಗುರಿನಿಂದ ತೂತುಗಳನ್ನು ಉಜ್ಜಿ ಮುಚ್ಚಿ, ಇಸ್ತ್ರಿ ಎಳೆದು ಕೊಟ್ಟ. ಅಂಗಿಯವನು ಹೋದ ಮೇಲೆ ಹಳದಿ ನೂಲನ್ನೆಲ್ಲ ಗುಡಿಸಿ, ಬೋರ್ಡು ಕಿತ್ತು, ಮನೆಗೆ ಹೋದ.

"ಅಮ್ಮ, ನಿನಗೆ ಗೊತ್ತಿತ್ತಾ?"

ಅಜ್ಜಿ ಬೋರ್ಡು ನೋಡಿದಳು, ಅವನ ಬೆರಳು ನೋಡಿದಳು. "ಗೊತ್ತಿತ್ತು ಕಣೋ."

"ಹೇಳಬಾರದಿತ್ತಾ?"

"ಹೇಳಬೇಕಿತ್ತು. ತಪ್ಪಾಯ್ತು. ನಿನ್ನ ಮುಖ ನೋಡಿ ಬಾಯಿ ಬರ್ಲಿಲ್ಲ."

ಅವನು ಅವಳ ಮಂಚದ ಬುಡದಲ್ಲಿ ಕೂತ. ಮುದುಕಿ ಅವನ ತಲೆಯ ಮೇಲೆ ಕೈಯಿಟ್ಟಳು. ಒಳಗಿಂದ ಮಗಳು, "ಊಟ ರೆಡಿ, ಇವತ್ತು ಸೀದಿಲ್ಲ," ಎಂದು ಕೂಗಿದಳು. ಅವನು ಎದ್ದು, "ಆಮೇಲೆ," ಎಂದು ಹೊರಟ.

"ಎಲ್ಲಿಗೋ?"

"ಲಾಂಡ್ರಿಗೆ. ನನ್ನ ಸೀಟಿಗೆ."

ಆಸ್ಪತ್ರೆ ರಸ್ತೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಲಾಂಡ್ರಿಯ ಕಿಟಕಿಯಲ್ಲಿ ಹೆಂಡತಿ ಕಾಣಿಸಿದಳು. ಕೊರಳಲ್ಲಿ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು, ಎದುರಿಗೆ ನೀಲಿ ಕೋಟಿನ ನರ್ಸಮ್ಮ. ಅವನು ಬಾಗಿಲಲ್ಲಿ ಕಾದ. ನರ್ಸಮ್ಮ ಹೋದ ಮೇಲೆ ಹೆಂಡತಿ ಪಿನ್ನು ತೆಗೆದು ಅವನ ಕಡೆ ತಿರುಗಿದಳು. ಏನಾಗಿದೆಯೆಂದು ಅವನ ಮುಖದಲ್ಲೇ ಇತ್ತು.

"ಬರಲ್ಲಂತೆ," ಎಂದ.

"ಗೊತ್ತು."

"ಎಲ್ಲರಿಗೂ ಗೊತ್ತಿತ್ತು ಅನ್ಸುತ್ತೆ, ನನ್ನೊಬ್ಬನನ್ನ ಬಿಟ್ಟು." ಅವನು ಒಳಗೆ ಬಂದು ಮೆಷಿನ್ನಿನ ಮೇಲೆ ಕೈಯಿಟ್ಟ. "ನೀನು ಮನೆಗೆ ಹೋಗು ಇನ್ನು. ಬೆನ್ನು ನೋಯ್ತಿತ್ತಲ್ಲ. ಇವತ್ತಿಂದ ನಾನು ಕೂರ್ತೀನಿ."

ಅವಳು ಏಳಲು ಹೊರಟಳು. ಕಾಲು ಪೆಡಲಿನಿಂದ ಅರ್ಧ ಎದ್ದಿತ್ತು. ಮತ್ತೆ ಅಲ್ಲೇ ಇಟ್ಟಳು.

"ರೀ, ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಸೀಟು ನಿಮಗೇ ಅಂತ ಹಿಡಿದೆ. ದೇವರಾಣೆಗೂ ನಿಮಗೇ. ಆದ್ರೆ ಈಗ..." ಅವಳು ಕೈಯಲ್ಲಿದ್ದ ಪಿನ್ನುಗಳನ್ನು ಮೆಷಿನ್ನಿನ ಮೇಲಿಟ್ಟಳು. "ಈಗ ನನಗೆ ಏಳೋಕೆ ಮನಸ್ಸಿಲ್ಲ ರೀ."

ಇಸ್ತ್ರಿ ಮೇಜಿನ ಹಿಂದೆ ಲಾಂಡ್ರಿಯವನು ಕೇಳಿಸದವನಂತೆ ಒಂದೇ ಅಂಗಿಯನ್ನು ಮೂರು ಸಲ ತೀಡಿದ. ಟೈಲರ್ ಹೆಂಡತಿಯ ಮುಖ ನೋಡಿದ. ಇಪ್ಪತ್ತು ವರ್ಷದಲ್ಲಿ ಅವಳು ತನಗೆಂದು ಏನಾದರೂ ಕೇಳಿದ್ದನ್ನು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಅವನಿಗೆ ನೋವಾಯಿತು. ತನ್ನ ಸೀಟು ಹೋದದ್ದಕ್ಕೆ ಅರ್ಧ, ಇಷ್ಟು ಸಣ್ಣ ಮಾತಿಗೆ ಅವಳು ದೇವರಾಣೆ ಹಾಕಬೇಕಾಗಿ ಬಂದದ್ದಕ್ಕೆ ಅರ್ಧ.

"ಇವತ್ತಿನ ರಾಶಿ ಇದೇನಾ?" ಎಂದು ಕೇಳಿದ.

"ಹೂಂ."

ಅವನು ರಾಶಿಯ ಪಕ್ಕ, ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತ. ಮೇಲಿದ್ದ ಪ್ಯಾಂಟನ್ನು ಮಡಿಲಿಗೆ ಎಳೆದುಕೊಂಡು ಅವಳ ಕಡೆ ಕೈ ಚಾಚಿದ.

"ಬ್ಲೇಡು ಕೊಡು. ಬಿಚ್ಚಿ ಕೊಡ್ತೀನಿ, ನೀನು ಹೊಲಿ."